ಪಿವಟ್ ಓಡಿದ್ದು ಬರೀ 2.6 ಕಿಲೋಮೀಟರ್. ಅವಳು ಸೋಮಾರಿನಾ?

ಪ್ರಶ್ನೆ: ಹಾಸನದಲ್ಲಿ ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ತಂಡವೊಂದಕ್ಕೆ ನಾನು ಕೋಚ್. 16ರಿಂದ 22 ವಯಸ್ಸಿನ 14 ಜನ ಇದ್ದಾರೆ. ದಿನಾ ಅಭ್ಯಾಸ ಮಣ್ಣಿನ ಕೋರ್ಟಿನಲ್ಲಿ. ಸಕಲೇಶಪುರದ ಒಬ್ಬ ಕಾಫಿ ಪ್ಲಾಂಟರ್, ಯುರೋಪಿನ ಪ್ರೊಫೆಷನಲ್ ತಂಡಗಳ ಹಾಗೆ ನಮ್ಮ ಹುಡುಗಿಯರಿಗೂ ಜಿಪಿಎಸ್ ವೆಸ್ಟ್ (ಓಡಿದ ದೂರ ಅಳೆಯುವ ಸಾಧನವಿರುವ ಬಿಗಿ ಅಂಗಿ) ಕೊಡಿಸುತ್ತೇನೆ ಎಂದಿದ್ದಾರೆ. ಕೊಳ್ಳುವ ಮೊದಲು ನೋಡೋಣ ಎಂದು ಪರಿಚಯದ ಫುಟ್‌ಬಾಲ್ ತಂಡದಿಂದ ಮೂರು ವೆಸ್ಟ್ ಎರವಲು ತಂದೆವು. ಹಾಸನದ ಬಯಲು ಕೋರ್ಟಿನಲ್ಲಿ ಆಡಿದ ಪಂದ್ಯದಲ್ಲಿ ನಮ್ಮ ವಿಂಗ್ (ಕೋರ್ಟಿನ ಅಂಚಿನಲ್ಲಿ ಆಡುವವಳು) 58 ನಿಮಿಷ ಆಡಿ 4.1 ಕಿ.ಮೀ. ಓಡಿದ್ದಾಳೆ. ಪಿವಟ್ (ಎದುರಾಳಿ ಗೋಲಿನ ಮುಂದೆ, ಡಿಫೆಂಡರುಗಳ ಮಧ್ಯೆ ಆಡುವವಳು) 38 ನಿಮಿಷ ಆಡಿ 2.6 ಕಿ.ಮೀ. ಮಾತ್ರ. ಕಮಿಟಿಯವರು 'ಅವಳು ನಿಂತಲ್ಲೇ ನಿಂತಿರ್ತಾಳೆ, ಬದಲಾಯಿಸಿ' ಎನ್ನುತ್ತಿದ್ದಾರೆ. ಆದರೆ ಪಂದ್ಯ ಮುಗಿದಾಗ ಎಲ್ಲರಿಗಿಂತ ಜಾಸ್ತಿ ಸುಸ್ತಾಗಿರುವವಳು ಅವಳೇ. ಮುಂದಿನ ವಾರ ಬೆಂಗಳೂರಿನ ಒಳಾಂಗಣದಲ್ಲಿ ಗೋಲ್‌ಕೀಪರ್‌ಗೆ ವೆಸ್ಟ್ ಹಾಕಿದರೆ 6.3 ಕಿ.ಮೀ. ತೋರಿಸಿತು! ಇನ್ನೊಂದು: ನಮ್ಮ ಲೆಫ್ಟ್ ಬ್ಯಾಕ್ ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆಗಿ ವಾಪಸ್ ಬರುತ್ತಿದ್ದಾಳೆ. ಮತ್ತೆ ಗಾಯವಾಗುವ ಮೊದಲೇ ಈ ಯಂತ್ರ ಎಚ್ಚರಿಸುತ್ತದಾ? ತಂದೆತಾಯಂದಿರು 'ಈ ಮಾಹಿತಿ ಯಾರು ನೋಡ್ತಾರೆ' ಎಂದೂ ಕೇಳುತ್ತಿದ್ದಾರೆ. ವೆಸ್ಟ್ ತೆಗೆದುಕೊಳ್ಳಬಹುದಾ?

ಉತ್ತರ: ಮೊದಲು ಪಿವಟ್ ಹುಡುಗಿಯ ವಿಷಯ ಮುಗಿಸೋಣ. ಕಮಿಟಿ ಮತ್ತೆ ಸೇರುವಷ್ಟರಲ್ಲಿ ಈ ಲೆಕ್ಕ ನಿಮ್ಮ ಜೇಬಿನಲ್ಲಿರಲಿ.

ನೀವೇ ಬರೆದ ಅಂಕಿಗಳನ್ನು ತೆಗೆದುಕೊಳ್ಳಿ. ವಿಂಗ್ 58 ನಿಮಿಷಕ್ಕೆ 4,100 ಮೀಟರ್. ಅಂದರೆ ನಿಮಿಷಕ್ಕೆ ಸುಮಾರು 71 ಮೀಟರ್. ಪಿವಟ್ 38 ನಿಮಿಷಕ್ಕೆ 2,600 ಮೀಟರ್. ನಿಮಿಷಕ್ಕೆ ಸುಮಾರು 68 ಮೀಟರ್. ವ್ಯತ್ಯಾಸ ಎರಡು ಮೂರು ಮೀಟರ್ ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸವನ್ನು ನಂಬುವ ಹಾಗೆ ಅಳೆಯುವ ತಾಕತ್ತು ಆ ವೆಸ್ಟ್‌ಗೇ ಇಲ್ಲ. ಅವಳು ಕಡಿಮೆ ಓಡಿಲ್ಲ, ಅವಳನ್ನು ನೀವು ಕಡಿಮೆ ಹೊತ್ತು ಆಡಿಸಿದ್ದೀರಿ, ಅಷ್ಟೇ. ಹ್ಯಾಂಡ್‌ಬಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು. ಹಾಗಾಗಿ ಒಟ್ಟು ದೂರವನ್ನು ಕೋರ್ಟಿನಲ್ಲಿದ್ದ ನಿಮಿಷಗಳಿಂದ ಭಾಗಿಸದೆ ಇಬ್ಬರನ್ನು ಹೋಲಿಸಲೇಬಾರದು. ಈ ತಪ್ಪನ್ನು ನಿಮ್ಮ ಕಮಿಟಿ ಒಂದೇ ಮಾಡಿಲ್ಲ. ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರ್ ಇಟ್ಟುಕೊಂಡ ತಂಡಗಳ ಸಭೆಯಲ್ಲೂ ನಾನು ಇದನ್ನು ನೋಡಿದ್ದೇನೆ. ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ಕಂಬ ಮೂಡಿತು ಅಂದರೆ ಯಾರೂ ಭಾಗಾಕಾರ ಮಾಡುವುದಿಲ್ಲ.

ಆದರೆ ಭಾಗಾಕಾರ ಮಾಡಿದ ಮೇಲೂ ಒಂದು ಮೂಲ ತೊಂದರೆ ಉಳಿಯುತ್ತದೆ. ಹ್ಯಾಂಡ್‌ಬಾಲ್‌ಗೆ ದೂರ ಎಂಬುದೇ ತಪ್ಪು ಅಳತೆ.

ಡೆನ್ಮಾರ್ಕಿನ ಉನ್ನತ ಲೀಗಿನ ಆಟಗಾರರನ್ನು ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ವಿಡಿಯೋ ಹಿಡಿದು ಲೆಕ್ಕ ಹಾಕಿದ್ದಾರೆ. ಪುರುಷರು ಒಂದು ಪಂದ್ಯದಲ್ಲಿ ಸರಾಸರಿ 3.6 ಕಿ.ಮೀ., ಮಹಿಳೆಯರು ಸುಮಾರು 4 ಕಿ.ಮೀ. ಕ್ರಮಿಸಿದ್ದರು. ಮಹಿಳೆಯರು ಆ 4 ಕಿ.ಮೀ. ಕ್ರಮಿಸಿದ್ದು ಸುಮಾರು 50 ನಿಮಿಷದಲ್ಲಿ. ಗಂಟೆಗೆ ಐದು ಕಿ.ಮೀ.ಗೂ ಕಡಿಮೆ ವೇಗ ಅದು. ಬೆಳಿಗ್ಗೆ ನಮ್ಮ ಮಹಾರಾಜ ಪಾರ್ಕಿನಲ್ಲಿ ಕೈಬೀಸಿಕೊಂಡು ವಾಕಿಂಗ್ ಮಾಡುವ ನಿವೃತ್ತ ಮೇಷ್ಟ್ರೂ ಅಷ್ಟೇ ವೇಗದಲ್ಲಿ ಹೋಗುತ್ತಾರೆ. ದೂರವನ್ನೇ ನಂಬಿದರೆ ಡೆನ್ಮಾರ್ಕಿನ ಪ್ರೊಫೆಷನಲ್ ಆಟಗಾರ್ತಿಯೂ ಮೇಷ್ಟ್ರೂ ಒಂದೇ ಅಂತಾಯಿತು, ಅಲ್ವಾ?

ಹಾಗಾದರೆ ಶ್ರಮ ಎಲ್ಲಿ ಹೋಯಿತು? ನಿಲ್ಲುವುದರಲ್ಲಿ, ತಿರುಗುವುದರಲ್ಲಿ, ಹಾರುವುದರಲ್ಲಿ, ತಳ್ಳಾಟದಲ್ಲಿ.

ಕೋರ್ಟು 40 ಮೀಟರ್ ಉದ್ದ, 20 ಮೀಟರ್ ಅಗಲ. ಎರಡೂ ಕಡೆ 6 ಮೀಟರಿನ ಗೆರೆಯೊಳಗೆ ಗೋಲ್‌ಕೀಪರ್ ಬಿಟ್ಟು ಬೇರೆಯವರು ಕಾಲಿಡುವ ಹಾಗಿಲ್ಲ. ಉಳಿದ ಜಾಗದಲ್ಲಿ ಹನ್ನೆರಡು ಜನ. ನೇರವಾಗಿ ಓಡಲು ಜಾಗವೇ ಇಲ್ಲ. ಐದಾರು ಹೆಜ್ಜೆ ರಭಸದಿಂದ ಬರಬೇಕು, ಗಕ್ಕನೆ ನಿಲ್ಲಬೇಕು, ಪಕ್ಕಕ್ಕೆ ಕತ್ತರಿಸಬೇಕು. 60 ಕೆ.ಜಿ. ತೂಕದ ಹುಡುಗಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಅರ್ಧ ಸೆಕೆಂಡಿನಲ್ಲಿ ನಿಂತಳು ಎಂದುಕೊಳ್ಳಿ. ಆ ಅರ್ಧ ಸೆಕೆಂಡಿನಲ್ಲಿ ನೆಲ ಅವಳನ್ನು ಹಿಂದಕ್ಕೆ ತಳ್ಳುವ ಬಲ ಹತ್ತಿರಹತ್ತಿರ ಅವಳ ಮೈತೂಕದಷ್ಟೇ ಇರುತ್ತದೆ. ನೆಲದ ಮೇಲೆ ನಿಂತ ಭಾರ ಬೇರೆ, ಇದು ಅದರ ಮೇಲೆ ಇನ್ನೊಂದು. ಈ ಕೆಲಸದಲ್ಲಿ ಅವಳು ದಾಟಿದ ದೂರ ಒಂದೂಕಾಲು ಮೀಟರ್. ವೆಸ್ಟ್ ಅದನ್ನು ಒಂದೂಕಾಲು ಮೀಟರ್ ಎಂದಷ್ಟೇ ಬರೆದುಕೊಳ್ಳುತ್ತದೆ.

ಪಿವಟ್‌ನ ಕಥೆ ಇನ್ನೂ ಬೇರೆ. ಆರು ಮೀಟರ್ ಗೆರೆಯ ಹತ್ತಿರ, ಗೋಲಿಗೆ ಬೆನ್ನು ಕೊಟ್ಟು, ಇಬ್ಬರು ಡಿಫೆಂಡರುಗಳ ಮಧ್ಯೆ ಅವಳು ಜಾಗ ಹಿಡಿಯಬೇಕು. ಅವರು ತಳ್ಳುತ್ತಾರೆ, ಇವಳು ತಡೆದು ನಿಲ್ಲುತ್ತಾಳೆ. ಕೆಸರಿನಲ್ಲಿ ಗಾಡಿ ಹೂತುಹೋದಾಗ ಎತ್ತುಗಳನ್ನು ನೋಡಿದ್ದೀರಲ್ಲ. ಒಂದಡಿ ಮುಂದೆ ಹೋಗಿರುವುದಿಲ್ಲ, ಬಾಯಲ್ಲಿ ನೊರೆ ಬಂದಿರುತ್ತದೆ. ಪಿವಟ್ ಆ ಎತ್ತು. ಜಿಪಿಎಸ್ ಅಷ್ಟೇ ಅಲ್ಲ, ಮೈಯ ಅಲುಗಾಟ ಅಳೆಯುವ ಸೆನ್ಸರ್ ಕೂಡ ಈ ಶ್ರಮವನ್ನು ಸರಿಯಾಗಿ ಹಿಡಿಯುವುದಿಲ್ಲ. ಯಾಕೆಂದರೆ ಸ್ನಾಯು ಪೂರ್ತಿ ಬಿಗಿದಿದ್ದರೂ ಮೈ ಅಲುಗುವುದು ಕಡಿಮೆ. ಯುರೋಪಿನ ಅಧ್ಯಯನಗಳಲ್ಲಿ ಪದೇ ಪದೇ ಕಾಣುವ ಚಿತ್ರ ಇದು: ವೇಗದ ಓಟದಲ್ಲಿ ವಿಂಗ್ ಮುಂದೆ, ಮೈಗೆ ಮೈ ತಾಗುವ ಗುದ್ದಾಟದಲ್ಲಿ ಪಿವಟ್ ಮುಂದೆ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯುವುದೇ ತಪ್ಪು. ಹುಡುಗಿ ಸುಸ್ತಾಗಿದ್ದಾಳೆ ಎಂದು ನಿಮ್ಮ ಕಣ್ಣು ಹೇಳಿತು. ಇಲ್ಲಿ ನಿಮ್ಮ ಕಣ್ಣೇ ಯಂತ್ರಕ್ಕಿಂತ ಸರಿ.

ಈಗ ನಿಮ್ಮ ಗೋಲ್‌ಕೀಪರ್‌ನ 6.3 ಕಿ.ಮೀ.

ನಮ್ಮೂರಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಹಾಗಾಗಿ ಹಾಸನದವರಿಗೆ ಉಪಗ್ರಹದ ಮೇಲೆ ಸ್ವಲ್ಪ ಜಾಸ್ತಿಯೇ ನಂಬಿಕೆ ಇರಬಹುದು! ಆದರೆ ಜಿಪಿಎಸ್ ಉಪಗ್ರಹಗಳು ಇರುವುದು 20,000 ಕಿ.ಮೀ.ಗೂ ಮೇಲೆ. ಅಲ್ಲಿಂದ ಬರುವ ಸಿಗ್ನಲ್ ತುಂಬ ದುರ್ಬಲ. ತಗಡಿನ ಚಾವಣಿ, ಕಾಂಕ್ರೀಟ್ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಬಹಳಷ್ಟು ಸತ್ತೇ ಹೋಗಿರುತ್ತದೆ. ಕಿಟಕಿಯಿಂದ ನುಸುಳಿದ್ದು ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಸಾಧನ ಪೂರ್ತಿ ಸುಮ್ಮನಾದರೆ ಒಳ್ಳೆಯದಿತ್ತು. ಅದು ಊಹೆ ಮಾಡುತ್ತದೆ. ಈ ಕ್ಷಣ ಇಲ್ಲಿ, ಮರುಕ್ಷಣ ಅಲ್ಲಿ ಎಂದು ಜಾಗ ಬದಲಿಸುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ಅತ್ತಿತ್ತ ಜಿಗಿದರೂ ಒಂದು ಗಂಟೆಗೆ 5.4 ಕಿ.ಮೀ. ಆಗುತ್ತದೆ. ಅವಳು ಗೋಲಿನಲ್ಲಿ ನಿಂತೇ ಇದ್ದಳು. ಓಡಿದ್ದು ಸಿಗ್ನಲ್.

ಬಯಲಿನಲ್ಲೂ ಜಿಪಿಎಸ್ ಹ್ಯಾಂಡ್‌ಬಾಲ್‌ಗೆ ಅಷ್ಟಕ್ಕಷ್ಟೇ. ಒಂದು ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನದಲ್ಲಿ ಸುಮಾರು ಒಂಬತ್ತು ಹ್ಯಾಂಡ್‌ಬಾಲ್ ಕೋರ್ಟಿನಷ್ಟು ವಿಸ್ತೀರ್ಣ ಇರುತ್ತದೆ. ಅಲ್ಲಿ 30 ಮೀಟರ್ ನೇರ ಓಟದಲ್ಲಿ ಒಂದು ಮೀಟರ್ ಆಚೀಚೆ ಆದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಎದುರಾಳಿಯನ್ನು ಏಮಾರಿಸಿ ತಿರುಗುವ ಎರಡು ಮೀಟರಿನ ಫೇಂಟ್‌ನಲ್ಲಿ ಒಂದು ಮೀಟರ್ ತಪ್ಪಿದರೆ ಅರ್ಧ ಆಟವೇ ತಪ್ಪಿತು. ಕೋರ್ಟಿನ ಪಕ್ಕ ದೊಡ್ಡ ಮರ, ಗ್ಯಾಲರಿ, ಕಟ್ಟಡ ಇದ್ದರೆ ಇನ್ನೂ ಕಷ್ಟ.

ಯುರೋಪಿನ ಪ್ರೊಫೆಷನಲ್ ತಂಡಗಳು ಏನು ಬಳಸುತ್ತವೆ ಎನ್ನುವುದರಲ್ಲೇ ನಿಮ್ಮ ದಾನಿಗಳಿಗೆ ಗೊಂದಲ ಆಗಿದೆ. ವೆಸ್ಟ್ ಅದೇ ಥರ ಕಾಣುತ್ತದೆ, ಒಳಗಿರುವುದು ಬೇರೆ. ಅವರ ಪಂದ್ಯ ಒಳಾಂಗಣದಲ್ಲಿ ನಡೆಯುತ್ತದೆ. ಹಾಗಾಗಿ ಉಪಗ್ರಹದ ಕೆಲಸವನ್ನು ಆ ಕಟ್ಟಡದೊಳಗೇ ಮಾಡಿಸುತ್ತಾರೆ. ಗೋಡೆಗಳ ಮೇಲೆ ಸುತ್ತಲೂ ಆಂಟೆನಾ ಕಟ್ಟಿರುತ್ತಾರೆ. ಆಟಗಾರರ ಎರಡು ಹೆಗಲಮೂಳೆಗಳ ನಡುವೆ ಸಣ್ಣ ಟ್ಯಾಗ್. ಟ್ಯಾಗ್‌ನಿಂದ ಹೊರಟ ರೇಡಿಯೋ ಸಿಗ್ನಲ್ ಯಾವ ಆಂಟೆನಾಗೆ ಎಷ್ಟು ಬೇಗ ಮುಟ್ಟಿತು ಎಂಬುದರಿಂದ ಜಾಗ ಗೊತ್ತಾಗುತ್ತದೆ. ಇದನ್ನು ಲೋಕಲ್ ಪೊಸಿಷನಿಂಗ್ ಸಿಸ್ಟಮ್ ಎನ್ನುತ್ತಾರೆ. ಜರ್ಮನಿಯ ಹ್ಯಾಂಡ್‌ಬಾಲ್ ಬುಂಡೆಸ್‌ಲೀಗಾದಲ್ಲಿ, ಯುರೋಪಿನ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗಿನಲ್ಲಿ ಕಿನೆಕ್ಸಾನ್ ಎಂಬ ಕಂಪನಿಯ ಇಂಥ ವ್ಯವಸ್ಥೆ ಬಳಕೆಗೆ ಬಂದಿದೆ. ಚೆಂಡಿನೊಳಗೂ ಸೆನ್ಸರ್ ಇಟ್ಟಿದ್ದಾರೆ. ಟಿವಿಯಲ್ಲಿ ಶಾಟ್‌ನ ವೇಗ, ಹಾರಿದ ಎತ್ತರ ತೋರಿಸುವುದು ಈ ಟ್ಯಾಗ್, ಸೆನ್ಸರ್‌ಗಳಿಂದಲೇ.

ಇದೂ ದೋಷವಿಲ್ಲದ್ದೇನಲ್ಲ. ಕೋರ್ಟಿನ ನಡುವೆ ದೂರವನ್ನು ಚೆನ್ನಾಗಿ ಅಳೆಯುತ್ತದೆ. ಗೋಡೆಗೆ, ಆಂಟೆನಾಗೆ ಹತ್ತಿರವಾದಂತೆ ತಪ್ಪು ಜಾಸ್ತಿ. ಆ ಕ್ಷಣದ ವೇಗ, ದಿಢೀರ್ ತಿರುವು ಇವುಗಳಲ್ಲೂ ತಪ್ಪು ಜಾಸ್ತಿ. ಕೆಲವು ಸಣ್ಣ ಒಳಾಂಗಣಗಳಲ್ಲಿ ಸೈಡ್‌ಲೈನಿಗೂ ಗೋಡೆಗೂ ಎರಡು ಮೂರು ಮೀಟರ್ ಮಾತ್ರ ಅಂತರ ಇರುತ್ತದೆ. ಅಲ್ಲಿ ವಿಂಗ್ ಆಟಗಾರರ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಮತ್ತೆ, ಇಷ್ಟೆಲ್ಲ ಇಟ್ಟುಕೊಂಡು ಅವರು ಮಾಡುವುದೇನು? ಯಾರು ಸೋಮಾರಿ ಎಂದು ಹುಡುಕುವುದಂತೂ ಅಲ್ಲ. ದೊಡ್ಡ ಕ್ಲಬ್ಬುಗಳಿಗೆ ವಾರಕ್ಕೆ ಎರಡು ಪಂದ್ಯ. ಮಧ್ಯೆ ಬಸ್ಸು, ವಿಮಾನ, ಆಮೇಲೆ ದೇಶದ ತಂಡದ ಕ್ಯಾಂಪ್. ಬುಧವಾರ ಪಂದ್ಯ ಮುಗಿಸಿದವನಿಗೆ ಶುಕ್ರವಾರ ಎಷ್ಟು ಹಾರಿಸಬೇಕು, ಎಷ್ಟು ಬಿಡಬೇಕು ಎಂದು ನೋಡಲು ಅಂಕಿ ಬೇಕು. ಗಾಯದಿಂದ ವಾಪಸ್ ಬರುವವನು ಪಂದ್ಯದ ಅರ್ಧ ಭಾರವನ್ನಾದರೂ ಅಭ್ಯಾಸದಲ್ಲಿ ಹೊತ್ತಿದ್ದಾನಾ ಎಂದು ನೋಡಲು ಬೇಕು. ಅವನನ್ನು ಅವನ ಜೊತೆಗೇ ಹೋಲಿಸುತ್ತಾರೆ: ಹೋದ ತಿಂಗಳ ಅವನು, ಈ ತಿಂಗಳ ಅವನು. ಅಷ್ಟಾದರೂ 2019ರಲ್ಲಿ ಯುರೋಪಿನ ಆಟಗಾರರೇ ಪಂದ್ಯಗಳು ಅತಿಯಾದವು ಎಂದು ಅಭಿಯಾನ ನಡೆಸಬೇಕಾಯಿತು. ಭಾರ ಜಾಸ್ತಿ ಎಂದು ಟ್ಯಾಗ್ ತೋರಿಸಬಹುದು. ಪಂದ್ಯದ ವೇಳಾಪಟ್ಟಿ ಬರೆಯುವ ಕೈಯನ್ನು ಅದು ಹಿಡಿಯುವುದಿಲ್ಲ.

ಜಿಪಿಎಸ್, ಆಂಟೆನಾ ಎರಡೂ ಬಿಟ್ಟು ಮೂರನೆಯದೊಂದಿದೆ. ಅದನ್ನು ನೀವು ಗಮನಿಸಿ. ಬಹಳಷ್ಟು ವೆಸ್ಟ್‌ಗಳ ಒಳಗೆ ಅಲುಗಾಟ ಅಳೆಯುವ ಸೆನ್ಸರ್ ಇರುತ್ತದೆ. ನಿಮ್ಮ ಫೋನನ್ನು ಅಡ್ಡ ಹಿಡಿದಾಗ ಪರದೆ ತಿರುಗುತ್ತದಲ್ಲ, ಅದೇ ಜಾತಿಯದು. ಮೈ ಎಷ್ಟು ರಭಸವಾಗಿ ವೇಗ ಹಿಡಿಯಿತು, ನಿಂತಿತು, ಹಾರಿತು, ಬಡಿಯಿತು ಎಂದು ಸೆಕೆಂಡಿಗೆ ನೂರು ಸಲ ಬರೆದುಕೊಳ್ಳುತ್ತದೆ. ಅದಕ್ಕೆ ಉಪಗ್ರಹವೂ ಬೇಡ, ಆಂಟೆನಾವೂ ಬೇಡ. ಕ್ಯಾಟಪಲ್ಟ್ ಕಂಪನಿ ಇದನ್ನೆಲ್ಲ ಕೂಡಿಸಿ 'ಪ್ಲೇಯರ್ ಲೋಡ್' ಎಂಬ ಒಂದು ಅಂಕಿ ಕೊಡುತ್ತದೆ. ಒಳಾಂಗಣ ಆಟಕ್ಕೆ ದೂರಕ್ಕಿಂತ ಇದು ಎಷ್ಟೋ ಮೇಲು. ಆದರೆ ಮೇಲೆ ಹೇಳಿದ ಎತ್ತಿನ ಶ್ರಮ ಇದಕ್ಕೂ ಪೂರ್ತಿ ಸಿಗುವುದಿಲ್ಲ.

ಅದು ಎಷ್ಟು ಮುಗ್ಧ ಯಂತ್ರ ಎಂಬುದಕ್ಕೆ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಒಮ್ಮೆ ಮಂಗಳೂರಿನಲ್ಲಿ ಪಂದ್ಯವಿತ್ತು. ಸಕಲೇಶಪುರ ದಾಟುವ ಮೊದಲು ಟ್ಯಾಗ್‌ಗಳನ್ನು ಪರೀಕ್ಷೆ ಮಾಡಿ, ಆಫ್ ಮಾಡದೆ ಬ್ಯಾಗಿಗೆ ಹಾಕಿಬಿಟ್ಟೆ. ಶಿರಾಡಿ ಘಾಟಿಯ ಗುಂಡಿಗಳನ್ನೆಲ್ಲ ಅವು ನಿಷ್ಠೆಯಿಂದ ಎಣಿಸಿದವು. ಕೆಳಗೆ ಇಳಿದು ನೋಡಿದರೆ ಇಡೀ ತಂಡ ಬಸ್ಸಿನಲ್ಲೇ ಅರ್ಧ ಪಂದ್ಯ ಆಡಿ ಮುಗಿಸಿತ್ತು. ಇನ್ನೊಂದು ಸಲ ಇಬ್ಬರು ಹುಡುಗಿಯರು ಅವಸರದಲ್ಲಿ ಒಬ್ಬರ ವೆಸ್ಟ್ ಇನ್ನೊಬ್ಬರು ಹಾಕಿಕೊಂಡಿದ್ದರು. ಮೂರು ವಾರ ನಾನು ತಪ್ಪು ಹುಡುಗಿಗೆ ವಿಶ್ರಾಂತಿ ಕೊಡುತ್ತಿದ್ದೆ. ಯಂತ್ರ ಕೊಂಡರೆ ಅದನ್ನು ಚಾರ್ಜ್ ಮಾಡಿ, ಹಂಚಿ, ಆನ್ ಮಾಡಿ, ನಿಮಿಷ ಬರೆದು, ವಾಪಸ್ ಇಸಿದುಕೊಳ್ಳುವ ಒಬ್ಬ ಮನುಷ್ಯನೂ ಬೇಕು. ನಿಮ್ಮಲ್ಲಿ ಆ ಮನುಷ್ಯ ನೀವೇ ಆಗಿರುತ್ತೀರಿ. ಅಷ್ಟು ಹೊತ್ತು ಕೋಚಿಂಗ್ ಕಡಿಮೆಯಾಗುತ್ತದೆ.

ಮೊಣಕಾಲಿಗೆ ಬರೋಣ. ನೀವು ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಗಾಯ ಆಗುವ ಮೊದಲೇ ಎಚ್ಚರಿಸುವ ಯಂತ್ರ ಇಲ್ಲ. ಮಾರಾಟಗಾರರು ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತಾರೆ. ಅದರ ಹಿಂದಿರುವ ಲೆಕ್ಕ ಹೆಚ್ಚಾಗಿ ಇಷ್ಟೇ: ಈ ವಾರದ ಭಾರವನ್ನು ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸುವುದು. ಉತ್ತರ 0.8ರಿಂದ 1.3ರ ಒಳಗಿದ್ದರೆ ಕ್ಷೇಮ ಎಂದು ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು, ನಾನೂ ಗೋಡೆಗೆ ಅಂಟಿಸಿಕೊಂಡಿದ್ದೆ. ಆಮೇಲೆ ಸಂಖ್ಯಾಶಾಸ್ತ್ರ ಬಲ್ಲವರು ಅದರ ಬುಡವನ್ನೇ ಅಲುಗಾಡಿಸಿದರು. ದಿಢೀರನೆ ಭಾರ ಏರಿಸಬೇಡಿ ಎನ್ನುವ ಮಟ್ಟಿಗೆ ಆ ಮಾತು ಸರಿ. ಯಾವ ಹುಡುಗಿಗೆ ಯಾವ ದಿನ ಗಾಯವಾಗುತ್ತದೆ ಎಂದು ಹೇಳಲು ಅದು ಕೆಲಸಕ್ಕೆ ಬಾರದು.

ಹ್ಯಾಂಡ್‌ಬಾಲ್‌ನಲ್ಲಿ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಎರಡು ಗಳಿಗೆಯಲ್ಲಿ. ಫೇಂಟ್ ಮಾಡಲು ಕಾಲು ಊರಿ ಪಕ್ಕಕ್ಕೆ ತಿರುಗುವಾಗ, ಇಲ್ಲವೇ ಜಂಪ್ ಶಾಟ್ ಹೊಡೆದು ಒಂಟಿ ಕಾಲಿನ ಮೇಲೆ ಇಳಿಯುವಾಗ. ಎಷ್ಟೋ ಸಲ ಎದುರಾಳಿ ಮುಟ್ಟಿಯೂ ಇರುವುದಿಲ್ಲ. ಬೂಟು ನೆಲಕ್ಕೆ ಎಷ್ಟು ಕಚ್ಚಿಕೊಳ್ಳುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾರ್ವೆಯಲ್ಲಿ ನೋಡಿದಾಗ ಆಟಗಾರ್ತಿಯರಿಗೆ ಈ ಗಾಯ ಮರದ ನೆಲಕ್ಕಿಂತ ಸಿಂಥೆಟಿಕ್ ನೆಲದ ಮೇಲೆ ಜಾಸ್ತಿ ಆಗಿತ್ತು. ನಿಮ್ಮ ಹುಡುಗಿಯರು ದಿನಾ ಮಣ್ಣಿನಲ್ಲಿ ಆಡುತ್ತಾರೆ. ಅಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಮೈ ಅದಕ್ಕೆ ಒಗ್ಗಿರುತ್ತದೆ. ಒಂದು ದಿನ ದಿಢೀರನೆ ಒಳಾಂಗಣಕ್ಕೆ ಹೋದರೆ ಕಾಲು ಅಲ್ಲೇ ಕಚ್ಚಿಕೊಳ್ಳುತ್ತದೆ, ಮೈ ಮುಂದೆ ಹೋಗುತ್ತದೆ. ಟೂರ್ನಮೆಂಟಿಗೆ ಒಂದೆರಡು ದಿನ ಮೊದಲೇ ಹೋಗಿ ಅಲ್ಲಿನ ನೆಲದ ಮೇಲೆ ನಿಧಾನವಾಗಿ ಕಾಲು ಪಳಗಿಸಿ. ಯಾವ ವೆಸ್ಟ್‌ಗಿಂತಲೂ ಇದು ಅಗ್ಗದ ರಕ್ಷಣೆ.

ಅದೇ ನಾರ್ವೆಯವರು 1990ರ ದಶಕದ ಕೊನೆಯಲ್ಲಿ ತಮ್ಮ ಮೇಲಿನ ಮೂರು ಡಿವಿಷನ್‌ಗಳ ಮಹಿಳಾ ತಂಡಗಳಿಗೆ 15 ನಿಮಿಷದ ಒಂದು ವ್ಯಾಯಾಮ ಕಲಿಸಿದರು. ಒಂಟಿ ಕಾಲಿನಲ್ಲಿ ಬ್ಯಾಲೆನ್ಸ್, ಹಾರಿ ಇಳಿಯುವಾಗ ಮೊಣಕಾಲು ಒಳಗೆ ಬಾಗದಂತೆ ನೋಡಿಕೊಳ್ಳುವುದು, ಫೇಂಟ್ ಮಾಡುವಾಗಲೂ ಮೊಣಕಾಲನ್ನು ಹತೋಟಿಯಲ್ಲಿಡುವುದು. ಶುರುವಿಗೆ ಮೊದಲಿನ ಸೀಸನ್‌ನಲ್ಲಿ 29 ಎಸಿಎಲ್ ಗಾಯ ಇದ್ದದ್ದು ಎರಡನೆಯ ಸೀಸನ್ ಹೊತ್ತಿಗೆ 17ಕ್ಕೆ ಬಂತು. ಎಲ್ಲಕ್ಕಿಂತ ಮೇಲಿನ ಡಿವಿಷನ್‌ನಲ್ಲಿ ವ್ಯಾಯಾಮವನ್ನು ಪೂರ್ತಿ ಮಾಡಿದವರಲ್ಲಿ ಲಾಭ ಸ್ಪಷ್ಟವಾಗಿತ್ತು. ಕಾಟಾಚಾರಕ್ಕೆ ಮಾಡಿದರೆ ಇದೂ ಕೈ ಹಿಡಿಯುವುದಿಲ್ಲ.

ನಿಮ್ಮ ಲೆಫ್ಟ್ ಬ್ಯಾಕ್‌ಗೆ ಆಪರೇಷನ್ ಆಗಿ ಒಂಬತ್ತು ತಿಂಗಳು ತುಂಬಿದೆಯಾ? ತುಂಬಿಲ್ಲದಿದ್ದರೆ ಎಷ್ಟೇ ಚುರುಕಾಗಿ ಕಂಡರೂ ಪಂದ್ಯಕ್ಕೆ ಇಳಿಸಬೇಡಿ. ತುಂಬಿದ್ದರೂ ಸರ್ಜನ್ ಮತ್ತು ಫಿಸಿಯೋ ಒಪ್ಪಬೇಕು. ಆ ಕಾಲಿನ ತೊಡೆಯ ಶಕ್ತಿ ಇನ್ನೊಂದರ 90 ಪರ್ಸೆಂಟ್ ಆದರೂ ಮುಟ್ಟಿರಬೇಕು. ಆಮೇಲೆ ವಾರ ವಾರ ಅವಳ ಹಾರಿಕೆ ಎಷ್ಟು, ಪೂರ್ತಿ ವೇಗದ ಫೇಂಟ್ ಎಷ್ಟು ಎಂದು ಎಣಿಸುತ್ತಾ ಏರಿಸಿ. ಹತ್ತು ಇದ್ದದ್ದು ಹದಿನೈದು, ಹದಿನೈದು ಇದ್ದದ್ದು ಇಪ್ಪತ್ತು. ಮೊಣಕಾಲು ಊದಿದರೆ ಮುಂದಿನ ಮೆಟ್ಟಿಲು ಬೇಡ. ಸೆನ್ಸರ್ ಇದ್ದರೆ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಬೆಂಚಿನಲ್ಲಿ ಕೂತ ಹುಡುಗಿಯ ಕೈಗೆ ಪೆನ್ನು ಕೊಡಿ.

ಭುಜದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎಸೆತ ಬೆನ್ನ ಮೇಲಿನ ಟ್ಯಾಗ್‌ಗೆ ಸರಿಯಾಗಿ ಕಾಣುವುದಿಲ್ಲ. ಡೆನ್ಮಾರ್ಕಿನಲ್ಲಿ 679 ಯುವ ಆಟಗಾರರನ್ನು 31 ವಾರ ಹಿಂಬಾಲಿಸಿದ ಅಧ್ಯಯನವೊಂದಿದೆ. ಹಿಂದಿನ ನಾಲ್ಕು ವಾರಕ್ಕೆ ಹೋಲಿಸಿದರೆ ಆಟದ ಗಂಟೆಗಳು ಒಂದೇ ವಾರದಲ್ಲಿ 60 ಪರ್ಸೆಂಟಿಗಿಂತ ಜಾಸ್ತಿ ಏರಿದವರಲ್ಲಿ ಭುಜದ ಗಾಯ ಹೆಚ್ಚಿತ್ತು. ಭುಜದ ಹಿಂಭಾಗದ ಶಕ್ತಿ ಕಡಿಮೆ ಇದ್ದವರಿಗೆ ಅದಕ್ಕಿಂತ ಕಡಿಮೆ ಏರಿಕೆಯೇ ಸಾಕಾಗಿತ್ತು. ಪರೀಕ್ಷೆಗೆಂದು ಮೂರು ವಾರ ರಜೆ, ಆಮೇಲೆ ಟೂರ್ನಮೆಂಟ್ ಬಂತೆಂದು ದಿನಾ ಎರಡು ಹೊತ್ತು ಅಭ್ಯಾಸ. ನಮ್ಮ ಕಾಲೇಜು ತಂಡಗಳಲ್ಲಿ ನಡೆಯುವುದು ಇದೇ ಅಲ್ವಾ? ಈ ಏರಿಕೆ ನೋಡಲು ಕ್ಯಾಲೆಂಡರ್ ಸಾಕು.

ಈಗ ಕೊಳ್ಳಬೇಕಾ ಬೇಡವಾ. ಒಳಾಂಗಣಕ್ಕೆ ಆಂಟೆನಾ ಕಟ್ಟುವ ವ್ಯವಸ್ಥೆ ನಿಮಗಲ್ಲ. ಅದು ಒಂದೇ ಕಟ್ಟಡಕ್ಕೆ ಕಟ್ಟಿಹಾಕಿದ ಆಸ್ತಿ, ನಿಮ್ಮ ಕೋರ್ಟಿಗೆ ಚಾವಣಿಯೇ ಇಲ್ಲ. ಬರೀ ಜಿಪಿಎಸ್ ವೆಸ್ಟ್ ಬೇಡವೇ ಬೇಡ. ಸೆನ್ಸರ್ ಇರುವ ವೆಸ್ಟ್ ಬೇಕಾದರೆ ಯೋಚಿಸಬಹುದು, ಆದರೆ ಕೊಳ್ಳುವ ಮೊದಲು ಮಾರುವವರಿಗೆ ಗಟ್ಟಿಯಾಗಿ ಕೇಳಿ: ಉಪಗ್ರಹ ಸಿಗದ ಒಳಾಂಗಣದಲ್ಲಿ ಯಾವ ಅಂಕಿ ಕೊಡುತ್ತದೆ, ವರ್ಷ ವರ್ಷ ಕಟ್ಟಬೇಕಾದ ಫೀಸು ಎಷ್ಟು, ಫೀಸು ಕಟ್ಟದಿದ್ದರೆ ಹಳೆಯ ಮಾಹಿತಿ ಸಿಗುತ್ತದಾ. ದಾನಿಗಳು ಮೊದಲ ವರ್ಷ ಕೊಡುತ್ತಾರೆ. ಎರಡನೆಯ ವರ್ಷ ಕಾಫಿ ರೇಟು ಬಿದ್ದರೆ? ಫೀಸು ನಿಂತು, ಒಳ್ಳೆಯ ವೆಸ್ಟ್‌ಗಳೆಲ್ಲ ಬೀರುವಿನಲ್ಲಿ ಮಡಚಿ ಕೂತ ತಂಡವೊಂದನ್ನು ನಾನು ಬಲ್ಲೆ. ಕೊಂಡರೂ 14 ಬೇಡ. ನಾಲ್ಕು ಕೊಳ್ಳಿ, ಗಾಯದಿಂದ ಬರುವವರಿಗೆ ಮತ್ತು ಜಾಸ್ತಿ ಹೊತ್ತು ಆಡುವವರಿಗೆ ಹಾಕಿ.

ನಾನಾಗಿದ್ದರೆ ಮೊದಲ ಆರು ತಿಂಗಳು ಒಂದು ನೋಟ್‌ಬುಕ್ ಇಡುತ್ತಿದ್ದೆ. ಅಭ್ಯಾಸ ಮುಗಿದು ಅರ್ಧ ಗಂಟೆಯ ಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿ: 'ಇವತ್ತು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಕಷ್ಟ ಆಯ್ತು?' ಎಲ್ಲರ ಮುಂದೆ ಕೇಳಬೇಡಿ. ಮೊದಲನೆಯವಳು ಐದು ಎಂದರೆ ಉಳಿದವರೂ ಐದು ಎನ್ನುತ್ತಾರೆ. ಆ ಅಂಕಿಯನ್ನು ನಿಮಿಷದಿಂದ ಗುಣಿಸಿ. 90 ನಿಮಿಷ, ಕಷ್ಟ 6 ಎಂದರೆ 540. ಅಮೆರಿಕದ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಈ ವಿಧಾನವನ್ನು ದೊಡ್ಡ ಕ್ಲಬ್ಬುಗಳು ಟ್ಯಾಗ್ ಇದ್ದರೂ ಬಿಟ್ಟಿಲ್ಲ. ಆ ದಿನದ ಪಂದ್ಯಕ್ಕೇ ಹಾಕಿ ನೋಡೋಣ. ವಿಂಗ್ 6 ಎಂದಳು ಅಂತಿಟ್ಟುಕೊಳ್ಳಿ: 58 ಗುಣಿಸು 6, 348. ಪಿವಟ್ 9 ಎಂದರೆ 38 ಗುಣಿಸು 9, 342. ಎತ್ತಿನ ನೊರೆ ಇಲ್ಲಿ ಲೆಕ್ಕಕ್ಕೆ ಸಿಕ್ಕಿತು. ಇದರಲ್ಲೂ ಮೋಸ ಆಗುತ್ತದೆ. ಕಷ್ಟ ಎಂದರೆ ತಂಡದಿಂದ ತೆಗೆಯುತ್ತಾರೆ ಎಂಬ ಭಯವಿದ್ದರೆ ಹುಡುಗಿಯರು ಸುಳ್ಳು ಹೇಳುತ್ತಾರೆ. ಆ ಭಯವನ್ನು ನೀವೇ ತೆಗೆಯಬೇಕು.

ಪಂದ್ಯಕ್ಕೆ ಒಂದು ಫೋನು ಗ್ಯಾಲರಿಯ ಮೇಲೆ ಕಟ್ಟಿ, ಇಡೀ ಕೋರ್ಟು ಕಾಣುವ ಹಾಗೆ. ಆಮೇಲೆ ಕೂತು ಎಣಿಸಿ: ಕೋರ್ಟಿನಲ್ಲಿದ್ದ ನಿಮಿಷ, ಜಂಪ್ ಶಾಟ್, ಫಾಸ್ಟ್ ಬ್ರೇಕ್ ಓಟ (ಚೆಂಡು ಸಿಕ್ಕ ಕೂಡಲೇ ಎದುರು ಗೋಲಿಗೆ ನುಗ್ಗುವುದು), ಗುದ್ದಾಟ. ದಣಿವು ನೋಡಲು ವಾರಕ್ಕೊಮ್ಮೆ ನಿಂತಲ್ಲಿಂದ ಮೇಲಕ್ಕೆ ಹಾರಿಸಿ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಗಾಳಿಯಲ್ಲಿದ್ದ ಸೆಕೆಂಡನ್ನು ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಅರ್ಧ ಸೆಕೆಂಡ್ ಗಾಳಿಯಲ್ಲಿದ್ದರೆ ಸುಮಾರು 31 ಸೆಂಟಿಮೀಟರ್. ಒಂದು ವಾರ ಒಂದೆರಡು ಸೆಂ.ಮೀ. ಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ವಾರ ಇಳಿಯುತ್ತಲೇ ಇದ್ದರೆ ಆ ಹುಡುಗಿಯ ಜೊತೆ ಕೂತು ಮಾತಾಡಿ. ನಿದ್ದೆ, ಊಟ, ಮುಟ್ಟಿನ ದಿನಗಳು, ಪರೀಕ್ಷೆ, ಮನೆಯ ತೊಂದರೆ, ಏನಾದರೂ ಇರುತ್ತದೆ.

ತಂದೆತಾಯಂದಿರ ಪ್ರಶ್ನೆ ನ್ಯಾಯವಾದದ್ದು. ವೆಸ್ಟ್‌ನ ಮಾಹಿತಿ ಸಾಮಾನ್ಯವಾಗಿ ಕಂಪನಿಯ ಸರ್ವರಿಗೆ ಹೋಗುತ್ತದೆ. 18 ತುಂಬದವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎಂದು ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯೇ ಹೇಳುತ್ತದೆ. ಅಂಕಿಗಳನ್ನು ಆ ಹುಡುಗಿ, ನೀವು, ಫಿಸಿಯೋ ಬಿಟ್ಟು ಇನ್ಯಾರೂ ನೋಡಬಾರದು ಎಂದು ಬರೆದಿಡಿ. ಕಮಿಟಿಗೂ ಬೇಡ, ದಾನಿಗಳಿಗೂ ಬೇಡ. ವಾಟ್ಸಾಪ್ ಗ್ರೂಪಿಗಂತೂ ಬೇಡವೇ ಬೇಡ. ನೋಟ್‌ಬುಕ್‌ಗೂ ಇದೇ ನಿಯಮ.

ಪ್ಲಾಂಟರ್ ಸಾಹೇಬರಿಗೆ ಬೇಡ ಎನ್ನಬೇಡಿ. ದುಡ್ಡನ್ನು ಬೇರೆ ಕಡೆ ತಿರುಗಿಸಿ. ತಿಂಗಳಿಗೆ ನಾಲ್ಕು ದಿನ ಒಳಾಂಗಣದ ಬಾಡಿಗೆ, ಒಳ್ಳೆಯ ಬೂಟು, ವಾರಕ್ಕೆರಡು ಸಲ ಬರುವ ಒಬ್ಬ ಫಿಸಿಯೋ, ಫೋನಿಗೊಂದು ಗಟ್ಟಿ ಟ್ರೈಪಾಡ್. ಮಳೆಗಾಲದಲ್ಲಿ ಮಣ್ಣಿನ ಕೋರ್ಟು ಗದ್ದೆಯಾದಾಗ ಆ ಒಳಾಂಗಣದ ಬೆಲೆ ಅವರಿಗೂ ತಿಳಿಯುತ್ತದೆ. ಉಳಿದರೆ ಮುಂದಿನ ವರ್ಷ ನಾಲ್ಕು ಸೆನ್ಸರ್ ಕೇಳಿ, ಮೂರು ವರ್ಷದ ಫೀಸಿನ ಸಮೇತ.

ಎರವಲು ತಂದ ವೆಸ್ಟ್‌ಗಳನ್ನು ವಾಪಸ್ ಕೊಡುವ ಮೊದಲು ನಿಮ್ಮ ಹುಡುಗಿಯರ ಮಾಹಿತಿ ಅದರಿಂದ ಅಳಿಸಿ. ಗೋಲ್‌ಕೀಪರ್‌ನ 6.3 ಕಿ.ಮೀ. ಮಾತ್ರ ಬೇಕಿದ್ದರೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಕಮಿಟಿಯವರು ಅಂಕಿ ಹಿಡಿದುಕೊಂಡು ಬಂದಾಗ ಮೊದಲು ಅದನ್ನು ತೋರಿಸಿ.